ಓರೆ ಹೆಜ್ಜೆಯ ಲೆಕ್ಕ

ಜನವರಿ 9

ಅತ್ತಿಗೆಗೆ ನಮಸ್ಕಾರಗಳು.

ಕೈಬರಹದ ಗುರುತು ಹಿಡಿದು ಪತ್ರವನ್ನು ಒಲೆಗೆ ಹಾಕುವ ಮೊದಲು ಇಷ್ಟನ್ನಾದರೂ ಓದಿ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟಿರಿ. ಅಣ್ಣನಿಗೆ ಇಮೇಲ್ ಬರೆದೆ, ಅದಕ್ಕೂ ಉತ್ತರವಿಲ್ಲ. ಸಿಟ್ಟು ಒಂಬತ್ತು ವರ್ಷ ಕೆಡದೆ ಉಳಿಯುವ ಪದಾರ್ಥ ಎಂದು ನನಗೆ ಗೊತ್ತಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. 'ನಡುಗಡ್ಡೆ'ಯನ್ನು ಮತ್ತೆ ಕಟ್ಟುತ್ತಿದ್ದೇನೆ. ಅಣ್ಣ ಮತ್ತು ನಾನು ಕೂಡಿ ಮಾಡಿದ ಅದೇ ಕಂಪ್ಯೂಟರ್ ಆಟ. ಅದನ್ನು ಕೊಂಡ ಕಂಪನಿ ಆಟಕ್ಕೆ ಬಾಗಿಲು ಹಾಕಿದ ದಿನ ನಾನು ಜಗಳವಾಡದೆ ಸಹಿ ಹಾಕಿದೆನೆಂದು ಅಣ್ಣ ಮಾತು ಬಿಟ್ಟ. ಈಗ ಆ ಕಂಪನಿಯೇ ಹೊಸ ಗೇಮ್ ಎಂಜಿನ್‌ನಲ್ಲಿ ಬುಡದಿಂದ ಕಟ್ಟಲು ನನಗೆ ಒಪ್ಪಿಗೆ ಕೊಟ್ಟಿದೆ. ಬೆಳಕು ಹೇಗೆ ಬೀಳಬೇಕು, ನೀರು ಹೇಗೆ ಅಲುಗಬೇಕು, ಮನುಷ್ಯ ಹೇಗೆ ನಡೆಯಬೇಕು ಎಂಬುದನ್ನೆಲ್ಲ ಹಿಂದೆ ನಾವಿಬ್ಬರು ಕೈಯಾರೆ ಬರೆದಿದ್ದೆವು. ಇಂದು ಅದರಲ್ಲಿ ಮುಕ್ಕಾಲು ಪಾಲು ಎಂಜಿನ್ನೇ ನೋಡಿಕೊಳ್ಳುತ್ತದೆ. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ನಾವು ಮೂವರು: ನಾನು, ಚಿತ್ರ ಬರೆಯುವವಳು, ಸದ್ದು ಮಾಡುವವನು. ಕೆಳಗೆ ಚಕ್ರಕ್ಕೆ ಗಾಳಿ ಹೊಡೆಯುವಾಗಲೆಲ್ಲ ಅವನು ರೆಕಾರ್ಡಿಂಗ್ ನಿಲ್ಲಿಸಿ ನೆಲಕ್ಕೆ ಒಂದು ಒದೆ ಕೊಡುತ್ತಾನೆ.

ಜೂನ್‌ನಲ್ಲಿ ಕಂಪನಿ ಆರಿಸಿದ ಹಳೆಯ ಆಟಗಾರರು ಒಂದು ದಿನ ಆಡಿ ನೋಡುತ್ತಾರೆ. 'ಇದು ನಮ್ಮ ನಡುಗಡ್ಡೆಯೇ' ಎಂದು ಅವರು ಅಂದರೆ ಆಟ ಬದುಕಿತು. ಇಲ್ಲವಾದರೆ ಕಂಪನಿ ಮತ್ತೆ ಯಾರಿಗೂ ಅದನ್ನು ಮುಟ್ಟಲು ಬಿಡುವುದಿಲ್ಲ.

ಅಣ್ಣನಿಂದ ಎರಡು ಬೇಕು. ಒಂದು, ಅವನು ಗ್ರಾಫ್ ಹಾಳೆಯಲ್ಲಿ ಬರೆದ ನಕ್ಷೆಗಳು. ಇನ್ನೊಂದು, ಸಹಿ. ಹಳೆಯ ಆಟ ಎಲ್ಲಿಯೂ ಓಡುತ್ತಿಲ್ಲ, ಅದರ ಪ್ರತಿ ಉಳಿದಿಲ್ಲ ಎಂದು ಅದನ್ನು ಮಾಡಿದ ನಾವಿಬ್ಬರೂ ಬರೆದುಕೊಡಬೇಕಂತೆ. ನನ್ನ ಸಹಿ ಆಗಿದೆ. ಅಣ್ಣನದು ಬರದಿದ್ದರೆ ಕೆಲಸ ಇಲ್ಲಿಗೇ ನಿಲ್ಲುತ್ತದೆ.

ಅವನಿಗೆ ನೀವು ಹೇಳಿದರೆ ಕೇಳುತ್ತಾನೆ.

ನಿಮ್ಮ ಮೈದುನ


ಜನವರಿ 21

ಮೇಷ್ಟ್ರಿಗೆ,

ನಿಮ್ಮಣ್ಣ ನಿನಗಿಟ್ಟ ಹೆಸರಿನಿಂದಲೇ ಕರೆಯುತ್ತೇನೆ. ಯಾರು ಏನು ಮಾಡಿದರೂ ಕೆಂಪು ಪೆನ್ನು ಹಿಡಿದು ತಿದ್ದಲು ಕೂರುತ್ತಿದ್ದವನಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ?

ನಿನ್ನ ಪತ್ರ ಒಲೆಗೆ ಹೋಗಲಿಲ್ಲ. ನಮ್ಮದು ಗ್ಯಾಸ್ ಒಲೆ. ಕಾಗದ ಸುಟ್ಟರೆ ಬರ್ನರ್ ಉಜ್ಜುವವಳು ನಾನೇ.

ನಕ್ಷೆಗಳಲ್ಲಿ ಅರ್ಧದಷ್ಟರಿಂದ ನಾನು ಕೋಟಿನ ತೋಳಿನ ನಮೂನೆ ಕತ್ತರಿಸಿಕೊಂಡಿದ್ದೇನೆ. ಹಾಳೆ ಗಟ್ಟಿಯಾಗಿತ್ತು, ಚೌಕ ಚೌಕವಾಗಿ ಗೆರೆಯೂ ಇತ್ತು. ಉಳಿದವನ್ನು ಕಳಿಸುವುದಿಲ್ಲ. ಸಹಿಯೂ ಸಿಗುವುದಿಲ್ಲ. ಕಾರಣ ಕೇಳಬೇಡ.

ಇನ್ನು ಮೇಲೆ ಫೋನ್ ಮಾಡಬೇಡ, ನಿಮ್ಮಣ್ಣನ ಇಮೇಲಿಗೂ ಬರೆಯಬೇಡ. ಬರೆಯಲೇಬೇಕೆಂದರೆ ನನ್ನ ಹೊಲಿಗೆ ಅಂಗಡಿಯ ವಿಳಾಸಕ್ಕೆ ಪತ್ರ ಹಾಕು. ಅಂಗಡಿ ಮನೆಯ ಮುಂದಿನ ಕೋಣೆಯೇ ಆದರೂ ಅಂಚೆ ನನ್ನ ಕೈಗೇ ಬರುತ್ತದೆ. ನಿಮ್ಮಣ್ಣ ಚೆನ್ನಾಗಿದ್ದಾರೆ.

ಒಂದು ಮಾತು. ಹೊಸ ಆಟದಲ್ಲಿ ದೋಣಿಕಟ್ಟೆಯಿಂದ ಗಂಟೆಗೋಪುರಕ್ಕೆ ಹೋಗುವ ಹಲಗೆ ಸೇತುವೆಯನ್ನು ಹಿಂದೆ ಇದ್ದಲ್ಲಿಯೇ ಇಟ್ಟಿದ್ದೀಯಾ? ಸುಮ್ಮನೆ ಕೇಳಿದೆ.

ನಿನ್ನ ಅತ್ತಿಗೆ


ಫೆಬ್ರವರಿ 6

ಅತ್ತಿಗೆಗೆ,

ಸೇತುವೆ ಇದ್ದಲ್ಲಿಯೇ ಇದೆ. ಆದರೆ ನನಗೊಂದು ಅನುಮಾನ. 'ನಡುಗಡ್ಡೆ'ಯನ್ನು ಸವತಿ ಎಂದು ಕರೆದು, ಪರದೆಯ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದವರು ನೀವು. ನಿಮಗೆ ಆ ಸೇತುವೆ ಹೇಗೆ ಗೊತ್ತು?

ನಮ್ಮ ನೀರನ್ನು ಒಮ್ಮೆ ನೋಡಬೇಕು ನೀವು. ಹಿಂದೆ ನೀಲಿ ಬಣ್ಣದ ನಾಲ್ಕು ಚಿತ್ರಗಳನ್ನೇ ತಿರುಗಿಸಿ ಮುರುಗಿಸಿ ತೋರಿಸುತ್ತಿದ್ದೆವು. ಈಗ ದೋಣಿ ಹೋದ ಹಾದಿಯಲ್ಲಿ ಗೆರೆ ಮೂಡಿ ನಿಧಾನವಾಗಿ ಅಳಿಸಿಹೋಗುತ್ತದೆ. ಮೊನ್ನೆ ಹಳೆಯ ಆಟಗಾರರಿಬ್ಬರನ್ನು ಕರೆಸಿ ಆಡಿಸಿದೆ. ಒಬ್ಬರು ಅಂಚೆ ಕಚೇರಿಯವರು, ಇನ್ನೊಬ್ಬರು ಆಸ್ಪತ್ರೆಯ ದಾದಿ. ಬಾಯಿ ತುಂಬ ಹೊಗಳಿದರು. ಹೊರಡುವಾಗ ದಾದಿ ಚಪ್ಪಲಿ ಮೆಟ್ಟುತ್ತಾ, "ಎಲ್ಲಾ ಚೆನ್ನಾಗಿದೆ, ಆದ್ರೆ ಇಲ್ಲಿ ನಡೆದ್ರೆ ಕಾಲು ನೋಯತ್ತೆ" ಅಂದರು. ಕುರ್ಚಿಯಲ್ಲಿ ಕೂತು ಆಡುವವರಿಗೆ ಎಲ್ಲಿಯ ಕಾಲುನೋವು? ಅಂಚೆಯವರೂ ಹೌದೆಂದು ತಲೆಯಾಡಿಸಿದರು. ಅಂದಿನಿಂದ ನನಗೆ ಊಟ ರುಚಿಸುತ್ತಿಲ್ಲ. ಹಳೆಯ ಆಟದ ಚಿತ್ರಗಳನ್ನು ಅಳೆದು ಅಳೆದು ಕಟ್ಟಿದ್ದೇವೆ, ಒಂದು ಗೋಡೆಯೂ ಹೆಚ್ಚುಕಡಿಮೆ ಇಲ್ಲ. ಎಲ್ಲಿ ತಪ್ಪಿದ್ದೇವೆಂದು ಗೊತ್ತಾಗದೆ ಜೂನ್ ಬಂದುಬಿಟ್ಟರೆ ಏನು ಗತಿ?

ಇದರ ಮೇಲೆ ಇನ್ನೊಂದು ತಲೆನೋವು. ಹಳೆಯ ಆಟ ಎಲ್ಲೋ ಗುಟ್ಟಾಗಿ ಓಡುತ್ತಿದೆ ಎಂದು ಕಂಪನಿಯ ವಕೀಲೆಯ ಕಿವಿಗೆ ಬಿದ್ದಿದೆ. ಅಂಥ ಮೂರ್ಖ ಕೆಲಸ ಯಾರು ಮಾಡುತ್ತಾರೆ ಎಂದು ನಾನು ನಕ್ಕೆ. ಆಕೆ ನಗಲಿಲ್ಲ. ಸಿಕ್ಕರೆ ಒಪ್ಪಂದ ರದ್ದು ಎಂದಷ್ಟೇ ಹೇಳಿದರು. ಅಣ್ಣನ ಸಹಿ ಪಡೆಯಲು ಅವರೇ ನಿಮ್ಮ ಮನೆಗೆ ಬರುತ್ತಾರಂತೆ.

ನಿಮ್ಮ ಮೈದುನ


ಫೆಬ್ರವರಿ 25

ಮೇಷ್ಟ್ರಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಪತ್ರ ಓದಿ ನಾನು ಮೊದಲು ಬಗ್ಗಿ ನೋಡಿದ್ದು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ. ನೀನು ಹೇಳಿದ ಮೂರ್ಖ ಕೆಲಸ ಅಲ್ಲೇ ಗುಂಯ್‌ಗುಡುತ್ತಿದೆ.

ಬಾಗಿಲು ಹಾಕಿದ ದಿನ ನಿಮ್ಮಣ್ಣ ಒಂದು ಪ್ರತಿಯನ್ನು ಮನೆಗೆ ತಂದರು. ಒಂದು ನರಪಿಳ್ಳೆಯೂ ಇಲ್ಲದ ಊರನ್ನು ಹಟಕ್ಕೆ ಓಡಿಸುತ್ತಾ, ದಿನಾ ಒಂದಿಷ್ಟು ಹೊತ್ತು ಅದರಲ್ಲಿ ಅಲೆದು ಬರುತ್ತಿದ್ದರು. ಸಾವಿರಾರು ಜನ ತಂತಮ್ಮ ಮನೆಯಲ್ಲಿ ಕೂತು ವೇಷ ಹಾಕಿ, ವೈದ್ಯ, ಕಮ್ಮಾರ, ಕಳ್ಳ ಎಂದು ಒಂದೇ ಊರಿನಲ್ಲಿ ತಿರುಗಿದ ಆಟ. ಅದರಲ್ಲಿ ಉಳಿದಿದ್ದು ಒಬ್ಬ ಅಂಬಿಗ, ಅದೂ ಇವರೇ. ನಾನು ಎಷ್ಟು ಆಡಿಕೊಂಡು ನಕ್ಕಿದ್ದೇನೋ ಲೆಕ್ಕವಿಲ್ಲ.

ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಎರಡು ಕಣ್ಣಿಗೂ ಬಲಗಡೆಯ ಅರ್ಧ ಕಾಣುವುದಿಲ್ಲ. ನಾಲಿಗೆ ತಿರುಗುವುದಿಲ್ಲ, ಬುದ್ಧಿ ಮಾತ್ರ ಮೊದಲಿನ ಹಾಗೆಯೇ ಚುರುಕು. ಬೇಕಾದ್ದನ್ನು ಬರೆದು ತೋರಿಸಿ ಎಂದು ಫೋನ್ ಕೊಟ್ಟರೆ ಮುಖವನ್ನು ಗೋಡೆಗೆ ತಿರುಗಿಸಿದರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದವನ ಮನೆಯಲ್ಲಿ ಯಾರ ಮಾತೂ ಹೋಗಿರಲಿಕ್ಕಿಲ್ಲ. ತಿಂಗಳುಗಟ್ಟಲೆ ಆ ಬಂಗಾರದ ಭಾರ ಹೊತ್ತವಳು ನಾನು.

ಒಂದು ದಿನ ಬೇರೆ ದಾರಿ ಕಾಣದೆ ಅವರ ಕುರ್ಚಿಯನ್ನು ಆ ಪರದೆಯ ಮುಂದೆ ತಳ್ಳಿದೆ. ಎಡಗೈ ತಾನಾಗಿ ಕೀಲಿಗಳ ಮೇಲೆ ಹೋಯಿತು. ಅರ್ಧ ಕಣ್ಣಿಗೆ ಕಾಣುವುದು ಕಡಿಮೆ. ಆದರೂ ದೋಣಿಕಟ್ಟೆಯಿಂದ ಹೊರಟು ಹಲಗೆ ಸೇತುವೆ ದಾಟಿ ಗಂಟೆಗೋಪುರದವರೆಗೆ ಎಲ್ಲೂ ಎಡವದೆ ಹೋದರು. ನಾನು ಪಕ್ಕದ ಕಂಪ್ಯೂಟರಿನಲ್ಲಿ ಒಬ್ಬ ದರ್ಜಿ ಹೆಂಗಸಿನ ವೇಷ ಹಾಕಿ ಹಿಂದೆಯೇ ಓಡಿದೆ. ಗೋಪುರದ ಬುಡದಲ್ಲಿ ಅಂಬಿಗ ನಿಂತು, "ಏನಮ್ಮಾ, ನಿನ್ನ ಸವತಿ ಮನೆಗೆ ನೀನೇ ಬಂದ್ಯಾ" ಎಂದು ಬರೆದ. ನಾನು ಹೊಲಿಯುತ್ತಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಅಂದಿನಿಂದ ನಮ್ಮ ಸಂಸಾರ ನಡೆಯುವುದು ಅಲ್ಲಿಯೇ. ಬೆನ್ನು ನೋಯುತ್ತದೆ ಎಂದು ಹೇಳುವುದೂ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಬೈಯುವುದೂ ಅಲ್ಲಿಯೇ. ಇದನ್ನು ಮುಚ್ಚಿ ಸಹಿ ಮಾಡಿ ಎಂದು ನೀನು ಹೇಳುತ್ತೀ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಗೊತ್ತಾಯಿತಲ್ಲ? ಇನ್ನು ವಕೀಲೆಗೆ ಹೇಳುವುದಿದ್ದರೆ ಹೇಳು.

ನಿನ್ನ ಅತ್ತಿಗೆ


ಮಾರ್ಚ್ 22

ಅತ್ತಿಗೆಗೆ,

ನಾಲ್ಕು ಸಲ ಬರೆದು ಹರಿದೆ.

ಅಣ್ಣನಿಗೆ ಹೀಗಾಗಿದೆ ಎಂದು ಎರಡು ವರ್ಷದಲ್ಲಿ ಒಂದು ಸಾಲು ಬರೆಯಲು ನಿಮಗೆ ಮನಸ್ಸಾಗಲಿಲ್ಲವೇ? ಮಾತು ಬಿಟ್ಟವನು ಅವನು, ನಾನಲ್ಲ. ನಾನು ಅವನ ಒಡಹುಟ್ಟಿದವನು. ಅವನು ಆಸ್ಪತ್ರೆಯಲ್ಲಿ ಮಲಗಿದ್ದ ದಿನ ನಾನೆಲ್ಲೋ ಕೂತು ನಗುತ್ತಿದ್ದೆನೋ ಏನೋ. ನಿಮ್ಮನ್ನು ಬೈಯಬೇಕೆಂದೇ ಕೂತೆ. ಬೈಯಲು ಹೋದರೆ ಆ ದರ್ಜಿ ಹೆಂಗಸು ಅಂಬಿಗನ ಹಿಂದೆ ಓಡುವುದೇ ಕಣ್ಣ ಮುಂದೆ ಬರುತ್ತದೆ.

ವಕೀಲೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಮೇ ತಿಂಗಳಲ್ಲಿ ಅವರು ಬಂದೇ ಬರುತ್ತಾರೆ. ಆ ಯಂತ್ರ ಕಣ್ಣಿಗೆ ಬಿದ್ದರೆ ಅದನ್ನು ಹೊತ್ತೊಯ್ಯುತ್ತಾರೆ, ನಮ್ಮ ಕೆಲಸವೂ ಅಂದೇ ಮುಗಿಯುತ್ತದೆ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಅಣ್ಣನಿಗೆ ಎಲ್ಲ ಬಾಗಿಲೂ ಮುಚ್ಚಿದಂತೆ. ಕೈಮುಗಿದು ಕೇಳುತ್ತೇನೆ, ಅವನನ್ನು ಹೊಸದಕ್ಕೆ ಕರೆತನ್ನಿ. ಒಂದು ಕಂಪ್ಯೂಟರ್ ಕಳಿಸುತ್ತಿದ್ದೇನೆ, ಅದರಲ್ಲಿ ನಮ್ಮ ನಡುಗಡ್ಡೆ ಇದೆ. ಅದೇ ಕಟ್ಟೆ, ಅದೇ ಸೇತುವೆ, ಅದೇ ಗೋಪುರ. ನನ್ನ ಹೆಸರು ಎತ್ತಬೇಡಿ.

ನಿಮ್ಮ ಮೈದುನ


ಏಪ್ರಿಲ್ 12

ಮೇಷ್ಟ್ರಿಗೆ,

ನಿನ್ನ ಪೆಟ್ಟಿಗೆ ಬಂತು. ಗಿರಾಕಿಯೊಬ್ಬರ ಮಗ ಕೊಟ್ಟಿದ್ದು ಎಂದು ಸುಳ್ಳು ಹೇಳಿ ನಿಮ್ಮಣ್ಣನ ಎದುರಿಗಿಟ್ಟೆ. ಪರದೆ ಬೆಳಗಿತು. ಹುಲ್ಲು ಬಾಗುತ್ತಿತ್ತು, ನೀರು ಹೊಳೆಯುತ್ತಿತ್ತು. ಅವರು ಒಂದಿಷ್ಟು ಹೊತ್ತು ನೋಡಿ ಬರೆದರು: "ಮೇಷ್ಟ್ರ ಕೆಲಸ." ಬೈಗುಳವೋ ಹೊಗಳಿಕೆಯೋ ನನಗೆ ತಿಳಿಯಲಿಲ್ಲ. ಆಮೇಲೆ ಕಟ್ಟೆಯಿಂದ ಹೊರಟರು. ಎಂದಿನ ಹಾಗೆಯೇ ಹೊರಟು, ಎಂದಿನ ಹಾಗೆಯೇ ತಿರುಗಿ, ಸೇತುವೆಯ ಮೇಲಿರಬೇಕಾದವರು ನೀರಿಗೆ ಬಿದ್ದರು.

ಮತ್ತೆ ಹೊರಟರು. ಮತ್ತೆ ಅಲ್ಲಿಯೇ ಬಿದ್ದರು. ಮೂರನೆಯ ಸಲವೂ ಹಾಗೇ ಆಯಿತು. ನಾನು ಇನ್ನೊಂದು ಕಡೆಯಿಂದ "ಸ್ವಲ್ಪ ಮುಂದೆ ಹೋಗಿ ತಿರುಗಿ" ಎಂದೆ. ಅವರು ಎಡಗೈಯನ್ನು ಕೀಲಿಗಳ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾಲ್ಕಾರು ದಿನ ಹಳೆಯದಕ್ಕೂ ಹೋಗಲಿಲ್ಲ. ತಲೆಯಲ್ಲಿ ಉಳಿದಿದ್ದ ಒಂದೇ ದಾರಿಯೂ ಅಳಿಸಿಹೋಯಿತೆಂದು ಹೆದರಿದ್ದರು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು. ಐದನೆಯ ದಿನವೋ ಆರನೆಯ ದಿನವೋ ತಾವಾಗಿ ಮೇಜಿನ ಕಡೆಗೆ ಕತ್ತು ಹೊರಳಿಸಿದರು. ಹಳೆಯದರಲ್ಲಿ ಸೇತುವೆ ದಾಟಿದರು.

ಕೇಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಸಿದ್ದೀಯ. ನೀರು ಹೊಳೆಯುತ್ತದೆ, ನಿಜ. ಅದರಲ್ಲಿ ನಿಮ್ಮಣ್ಣ ಮುಳುಗುತ್ತಿದ್ದಾರೆ. ಪೆಟ್ಟಿಗೆಯನ್ನು ವಾಪಸ್ ಕಳಿಸಲೇ?

ನಿನ್ನ ಅತ್ತಿಗೆ


ಏಪ್ರಿಲ್ 26

ಅತ್ತಿಗೆ,

ಪೆಟ್ಟಿಗೆ ಅಲ್ಲಿಯೇ ಇರಲಿ. ತಪ್ಪು ಸಿಕ್ಕಿತು. ಮೂರೂ ಸಲ ಒಂದೇ ಜಾಗದಲ್ಲಿ ಬಿದ್ದ ಎಂದು ನೀವು ಬರೆಯದಿದ್ದರೆ ನಾನು ಇನ್ನೂ ಗೋಡೆಗಳನ್ನೇ ಅಳೆಯುತ್ತಾ ಕೂತಿರುತ್ತಿದ್ದೆ.

ಹಳೆಯ ನಡುಗಡ್ಡೆಯ ನೆಲ ಚೌಕ ಚೌಕ, ಮನೆಯ ನೆಲಕ್ಕೆ ಹಾಕುವ ಟೈಲ್ಸ್ ಇದ್ದ ಹಾಗೆ. ಒಂದು ಹೆಜ್ಜೆಗೆ ಒಂದು ಚೌಕ. ನೆಟ್ಟಗೆ ಮುಂದಿನ ಚೌಕಕ್ಕೆ ಹೋದರೂ ಒಂದೇ ಹೆಜ್ಜೆ, ಓರೆಯಾಗಿ ಮೂಲೆಯ ಚೌಕಕ್ಕೆ ಹೋದರೂ ಒಂದೇ ಹೆಜ್ಜೆ. ನಿಜದಲ್ಲಿ ಓರೆ ದಾರಿ ಉದ್ದ. ಅಂದರೆ ಓರೆಯಾಗಿ ನಡೆಯುವವನು ಅಷ್ಟೇ ಹೊತ್ತಿನಲ್ಲಿ ಹೆಚ್ಚು ದೂರ ಹೋಗುತ್ತಿದ್ದ. ನಡಿಗೆಯ ಲೆಕ್ಕ ಬರೆದವನು ಅಣ್ಣ. ಅದನ್ನು ಕಂಡ ದಿನವೇ ನಾನು ಹೇಳಿದೆ, "ಲೆಕ್ಕ ತಪ್ಪಿದೆ, ತಿದ್ತೀನಿ." ಅವನು ನಕ್ಕ. "ತಿದ್ದಬೇಡ್ರಿ ಮೇಷ್ಟ್ರೇ. ಓರೆಯಾಗಿ ಹೋಗೋನಿಗೂ ಏನಾದ್ರೂ ಸಿಗ್ಲಿ." ಆ ಮಾತಿಗೆ ಒಂದು ವಾರ ಜಗಳವಾಡಿದ್ದೆವು, ನಿಮಗೆ ನೆನಪಿರಬಹುದು. ಕೊನೆಗೆ ಅವನ ಮಾತೇ ನಡೆಯಿತು. ಆಟಗಾರರಿಗೆಲ್ಲ ಗುಟ್ಟು ತಿಳಿದು, ಊರಿಗೆ ಊರೇ ಏಡಿಯ ಹಾಗೆ ಓರೆಯಾಗಿ ಓಡಾಡತೊಡಗಿತು.

ಹೊಸದರಲ್ಲಿ ಗೋಡೆ ಎಬ್ಬಿಸುವ ಮೊದಲೇ ನಾನು ಆ ಲೆಕ್ಕವನ್ನು ಸರಿಯಾಗಿಟ್ಟೆ. ಎಂಜಿನ್ ಕೂಡ ಅದನ್ನೇ ಬಯಸುತ್ತದೆ. ಯಾವ ದಿಕ್ಕಿಗೆ ಹೋದರೂ ಒಂದೇ ವೇಗ. ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೇ? ದಾದಿಯ ಕಾಲುನೋವಿಗೆ ಕಾರಣ ಅದು. ಸೇತುವೆಯವರೆಗಿನ ದಾರಿಯೂ ಓರೆಯೇ. ಅಣ್ಣ ಅದನ್ನು ಕಣ್ಣಿಂದ ನಡೆಯುವುದಿಲ್ಲ, ಬೆರಳಿನ ಅಂದಾಜಿನಲ್ಲಿ ನಡೆಯುತ್ತಾನೆ. ನನ್ನ ಲೋಕದಲ್ಲಿ ಅವನು ಇನ್ನೂ ಸೇತುವೆ ಮುಟ್ಟುವ ಮೊದಲೇ ಬೆರಳು 'ಬಂತು' ಎಂದು ತಿರುಗಿಸುತ್ತದೆ.

ಇನ್ನು ಎಂಜಿನ್ನಿನ ನೆಲದಡಿ ಕಣ್ಣಿಗೆ ಕಾಣದ ಚೌಕಗಳನ್ನು ಹಾಸಿ, ತಪ್ಪು ಲೆಕ್ಕವನ್ನು ಮತ್ತೆ ಕೂರಿಸಬೇಕು. ಓಟ, ಬಾಣ, ದೋಣಿ, ಪ್ರಾಣಿ, ಎಲ್ಲವೂ ನಡಿಗೆಗೆ ಕಟ್ಟುಬಿದ್ದಿವೆ. ಚಿತ್ರದವಳು, "ಸರಿ ಇರೋದನ್ನ ಕೆಡ್ಸೋಕೆ ಇಷ್ಟು ಕಷ್ಟ ಪಡ್ಬೇಕಾ?" ಎಂದು ಬಾಗಿಲು ಬಡಿದು ಹೋದಳು. ಮಾರನೆಯ ದಿನ ಬಂದಳು, ಮಾತಾಡುತ್ತಿಲ್ಲ. ವಕೀಲೆ ಬರುವ ಹೊತ್ತಿಗೆ ಇದು ಮುಗಿಯುವುದಿಲ್ಲ. ಅಂದು ಆ ಯಂತ್ರವನ್ನು ಎಲ್ಲಾದರೂ ಬಚ್ಚಿಡಿ, ನಿಮ್ಮ ದಮ್ಮಯ್ಯ.

ನಿಮ್ಮ ಮೈದುನ


ಮೇ 18

ಮೇಷ್ಟ್ರಿಗೆ,

ವಕೀಲೆ ಬಂದು ಹೋದರು. ಏನೇನಾಯಿತೋ ಎಲ್ಲ ಬರೆಯುತ್ತೇನೆ. ಓದುವಾಗ ಕೂತುಕೋ.

ನಿನ್ನ ಹಿಂದಿನ ಪತ್ರವನ್ನು ನಾನು ನಿಮ್ಮಣ್ಣನಿಗೆ ಓದಿ ಹೇಳಿದ್ದೆ. ಗುಟ್ಟು ಸಾಕಾಗಿತ್ತು. ನಿನ್ನ ಹೆಸರು ಕೇಳಿ ಮುಖ ತಿರುಗಿಸಲಿಲ್ಲ. ಊರೆಲ್ಲ ಏಡಿಯಾಯಿತು ಎನ್ನುವಲ್ಲಿ ಎಡಗಡೆಯ ತುಟಿಯಲ್ಲಿ ನಕ್ಕರು. ಇನ್ನೊಮ್ಮೆ ಓದು ಎಂದು ಕೈಸನ್ನೆ ಮಾಡಿದರು.

ಯಂತ್ರವನ್ನು ಬಚ್ಚಿಡಲು ನಾನು ಸಿದ್ಧಳಾಗಿದ್ದೆ. ಅವರು ಬಿಡಲಿಲ್ಲ. ವಕೀಲೆ ಬಂದಾಗ ಅದು ಓಡುತ್ತಲೇ ಇತ್ತು. ಆಕೆ ಕತ್ತರಿಸುವ ಮೇಜಿನ ಪಕ್ಕದಲ್ಲಿಯೇ ಕೂತರು. ಕಾಲು ಚಾಚಿದ್ದರೆ ತಾಗುತ್ತಿತ್ತು. ಮೇಜಿನ ಅಂಚಿನಿಂದ ಇಳಿಬಿಟ್ಟ ಒಂದು ಕೋಟಿನ ಬಟ್ಟೆ ಮಾತ್ರ ಅಡ್ಡ. ಗುಂಯ್ ಎನ್ನುವ ಸದ್ದು ಕೇಳಿ ಆಕೆ ಸುತ್ತ ನೋಡಿದರು. ನಾನು ಹೊಲಿಗೆ ಯಂತ್ರ ತುಳಿಯತೊಡಗಿದೆ, ಯಾವ ಬಟ್ಟೆಗೆ ಏನು ಹೊಲಿಯುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಆಕೆ ಕೆಟ್ಟವರಲ್ಲ. ನಿಮ್ಮಣ್ಣನ ಎದುರಿಗೆ ಬಗ್ಗಿ, ನಿಧಾನವಾಗಿ, ಕಾಗದದಲ್ಲಿ ಏನಿದೆಯೆಂದು ವಿವರಿಸಿದರು. ಹಳೆಯ ಆಟ ಎಲ್ಲಿಯೂ ಓಡುತ್ತಿಲ್ಲ, ಪ್ರತಿ ಉಳಿದಿಲ್ಲ. ಒಪ್ಪಿಗೆಯಿದ್ದರೆ ಇಲ್ಲಿ ಸಹಿ. ಪೆನ್ನು ಎಡಗೈಗೆ ಕೊಟ್ಟರು. ನಿಮ್ಮಣ್ಣ ಹಿಡಿದರು, ಬರೆಯಲಿಲ್ಲ. ಅಷ್ಟರಲ್ಲಿ ಆಕೆಯ ಫೋನ್ ಬಡಿದುಕೊಂಡಿತು. ಮಾತಾಡುತ್ತಾ ಬೀದಿಗೆ ಇಳಿದರು.

ನಾನು ಎದ್ದು ನಿಂತೆ. "ಬರೆದುಬಿಡ್ರಿ," ಅಂದೆ, "ಒಂದು ಸುಳ್ಳಿಗೆ ಆಕಾಶ ಬೀಳಲ್ಲ."

ಅವರು ಪೆನ್ನನ್ನು ತೊಡೆಯ ಮೇಲಿಟ್ಟರು. ಕುರ್ಚಿಯ ಗಾಲಿಯನ್ನು ಒಂದೇ ಕೈಯಲ್ಲಿ ತಿರುಗಿಸಿದರು. ಒಂದೇ ಗಾಲಿ ತಿರುಗಿಸಿದರೆ ಕುರ್ಚಿ ನೆಟ್ಟಗೆ ಹೋಗುವುದಿಲ್ಲ, ಗೊತ್ತಲ್ಲ? ಓರೆಯಾಗಿ, ಮೇಜಿಗೆ ಒಮ್ಮೆ, ಗೋಡೆಗೆ ಒಮ್ಮೆ ತಾಗಿ, ಅಂತೂ ಪ್ಲಗ್ಗಿನ ಹತ್ತಿರ ಹೋದರು. ತಡೆಯಬಹುದಿತ್ತು. ನಾನು ತಡೆಯಲಿಲ್ಲ. ಅವರು ವೈರನ್ನು ಹಿಡಿದು ಎಳೆದರು. ಸದ್ದು ನಿಂತಿತು. ಇಷ್ಟು ವರ್ಷ ಆ ಸದ್ದು ನನ್ನ ತಲೆ ತಿನ್ನುತ್ತಿತ್ತು. ನಿಂತ ಮೇಲೆ ಕೋಣೆಯ ಗಾಳಿಯನ್ನೇ ಯಾರೋ ಎಳೆದುಕೊಂಡಂತಾಯಿತು.

ವಕೀಲೆ ಒಳಗೆ ಬಂದು ಬಾಗಿಲಲ್ಲೇ ನಿಂತರು. "ಇಲ್ಲೇನೋ ಸದ್ದು ಇತ್ತಲ್ಲ?"

"ಇತ್ತು," ಎಂದೆ. "ಈಗಿಲ್ಲ."

ಆಕೆ ನನ್ನನ್ನು ನೋಡಿದರು, ಗೋಡೆಯ ಹತ್ತಿರ ಓರೆಯಾಗಿ ನಿಂತ ಕುರ್ಚಿಯನ್ನು ನೋಡಿದರು, ನೆಲಕ್ಕೆ ಬಿದ್ದ ವೈರನ್ನೂ ನೋಡಿರಬೇಕು. ಕಾಗದ ಮುಂದೆ ಹಿಡಿದರು. ನಿಮ್ಮಣ್ಣ ಎಡಗೈಯಲ್ಲಿ ಸಹಿ ಹಾಕಿದರು. ಒಂದನೆಯ ತರಗತಿಯ ಮಕ್ಕಳ ಅಕ್ಷರ.

ಆಕೆ ಹೋದ ಮೇಲೆ ಅವರು ಮೇಜಿನ ಕೆಳಗೆ ಬೆರಳು ತೋರಿಸಿದರು. ಆಮೇಲೆ ನನ್ನ ಹಳೆಯ ಕಬ್ಬಿಣದ ಇಸ್ತ್ರಿಪೆಟ್ಟಿಗೆಯನ್ನು. ಪ್ರತಿ ಉಳಿದಿಲ್ಲ ಎಂದು ಸಹಿ ಮಾಡಿದ್ದರಲ್ಲ, ಅದು ನಿಜವಾಗಬೇಕಿತ್ತು. ನಾನು ಆಗುವುದಿಲ್ಲ ಎಂದೆ, ಬೈದೆ, ಅತ್ತೆ. ಅವರು ಬೆರಳು ಇಳಿಸಲಿಲ್ಲ. ಆಟವಿದ್ದ ಡಿಸ್ಕನ್ನು ತೆಗೆದು ಹೊಸ್ತಿಲ ಮೇಲಿಟ್ಟು ನಾನೇ ಕುಟ್ಟಿದೆ.

ಮನೆಯಲ್ಲಿ ಈಗ ಒಂದು ಮಾತಿಲ್ಲ. ಅವರು ಕಿಟಕಿಯ ಕಡೆ ನೋಡುತ್ತಾ ಕೂರುತ್ತಾರೆ. ಹಸಿವೆಯೋ ನೋವೋ ನಾನೇ ಊಹಿಸಬೇಕು. ಅವರಿಗೆ ಉಳಿದಿದ್ದ ಬಾಯಿಯನ್ನು ಅವರೇ ಮುಚ್ಚಿಕೊಂಡು ನಿನ್ನ ಕೈಗೆ ಕೊಟ್ಟಿದ್ದಾರೆ. ನೀನು ತಪ್ಪಿದರೆ ನಾನು ನಿನ್ನನ್ನು ಕ್ಷಮಿಸಲಾರೆ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅತ್ತಿಗೆ


ಜೂನ್ 3

ಅತ್ತಿಗೆ,

ನಿಮ್ಮ ಪತ್ರವನ್ನು ಕೂತೇ ಓದಿದೆ. ಚಿತ್ರದವಳು ಏನಾಯಿತೆಂದು ಕೇಳಿದಳು, ಪತ್ರವನ್ನೇ ಕೊಟ್ಟೆ. ಅವಳು ಓದಿ ಸದ್ದಿನವನಿಗೆ ಕೊಟ್ಟಳು. ಇಬ್ಬರೂ ತಂತಮ್ಮ ಜಾಗಕ್ಕೆ ಹೋಗಿ ಕೂತರು. ಆಮೇಲೆ ಈ ಕೋಣೆಯಲ್ಲಿ ಯಾರೂ ಸರಿ ಲೆಕ್ಕದ ಪರವಾಗಿ ವಾದಿಸಿಲ್ಲ.

ಕೆಲಸ ಮುಗಿದಿದೆ ಎಂದು ಹೇಳಲು ಹೆದರಿಕೆ. ಓರೆ ಹೆಜ್ಜೆಯನ್ನು ಕೂರಿಸಿದ ಮೊದಲ ದಿನ ತೋಳಗಳೂ ಅದನ್ನು ಕಲಿತು, ಕಟ್ಟೆಯ ಮೇಲಿದ್ದವರನ್ನೆಲ್ಲ ಕ್ಷಣದಲ್ಲಿ ತಿಂದು ಮುಗಿಸಿದವು. ದೋಣಿ ದಡವನ್ನು ದಾಟಿ ಹೊಲಕ್ಕೆ ನುಗ್ಗಿತು. ಒಂದೊಂದನ್ನೇ ಹಿಡಿದು ಕಟ್ಟಿದ್ದೇವೆ. ಸದ್ದಿನವನು ಹಲಗೆಯ ಮೇಲಿನ ಹೆಜ್ಜೆ ಸದ್ದನ್ನು ಮತ್ತೆ ಮಾಡಿದ್ದಾನೆ, ಕಣ್ಣು ಮುಚ್ಚಿದರೂ ಮರ ಯಾವುದು ಮಣ್ಣು ಯಾವುದು ಎಂದು ತಿಳಿಯುತ್ತದೆ. ಅಣ್ಣನಿಗೆ ಸಾಕೇ? ನನಗೆ ಗೊತ್ತಿಲ್ಲ. ಹೋಲಿಸಿ ನೋಡಲು ಹಳೆಯದೇ ಉಳಿದಿಲ್ಲ. ಅದು ಈಗ ಇರುವುದು ಅಣ್ಣನ ಎಡಗೈಯಲ್ಲಿ ಮಾತ್ರ.

ಹದಿನಾಲ್ಕಕ್ಕೆ ಪರೀಕ್ಷೆ. ಹಳೆಯ ಆಟಗಾರರ ಜೊತೆಗೆ ಅಣ್ಣನಿಗೂ ಬಾಗಿಲು ತೆರೆಯುವಂತೆ ವಕೀಲೆಯನ್ನು ಕೇಳಿದೆ. ಒಂದೂ ಪ್ರಶ್ನೆ ಕೇಳದೆ ಒಪ್ಪಿದರು. ನಾನು ಗಂಟೆಗೋಪುರದ ಬುಡದಲ್ಲಿ ಕಾಯುತ್ತಿರುತ್ತೇನೆ. ಅಣ್ಣ ಬರದಿದ್ದರೆ ಉಳಿದವರು ಏನು ಹೇಳಿದರೂ ನನಗೆ ಅಷ್ಟಕ್ಕಷ್ಟೇ.

ಮೈದುನ


ಜೂನ್ 21

ಮೇಷ್ಟ್ರಿಗೆ,

ಒಪ್ಪಿಗೆ ಸಿಕ್ಕಿತೆಂದು ವಕೀಲೆ ನನಗೂ ಒಂದು ಸಾಲು ಬರೆದಿದ್ದಾರೆ. ತಾವೂ ಒಂದು ವೇಷ ಹಾಕಿ ಬಂದಿದ್ದರಂತೆ. ಮೊದಲ ತೋಳಕ್ಕೇ ಆಹಾರವಾದರಂತೆ. ಸಂತೋಷ. ಆದರೆ ನಾನು ಬರೆಯಲು ಕೂತಿದ್ದು ಅದಕ್ಕಲ್ಲ. ನೀನು ಗೋಪುರದ ಬುಡದಲ್ಲಿ ನಿಂತಿದ್ದವನು, ಸೇತುವೆಯ ಈಚೆಗೆ ಏನಾಯಿತೆಂದು ನಿನಗೆ ಗೊತ್ತಿಲ್ಲ.

ಅಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಕುರ್ಚಿಯನ್ನು ಪರದೆಯ ಮುಂದೆ ತಂದೆ. ನಿಮ್ಮಣ್ಣ ಕೈ ಎತ್ತಲಿಲ್ಲ. ಕಟ್ಟೆಯ ಮೇಲೆ ಜನವೋ ಜನ, ಒಂಬತ್ತು ವರ್ಷದಿಂದ ಒಬ್ಬರೂ ಇಲ್ಲದ ಕಟ್ಟೆ. ಒಬ್ಬರನ್ನೊಬ್ಬರು ಗುರುತು ಹಿಡಿದು ಕೂಗುತ್ತಿದ್ದರು, ಸುಮ್ಮನೆ ಕುಣಿಯುತ್ತಿದ್ದರು. ನಿಮ್ಮಣ್ಣನ ಎಡಗೈ ತೊಡೆಯ ಮೇಲೆಯೇ ಇತ್ತು. ನಾನು ಅದನ್ನು ಹಿಡಿದು ಕೀಲಿಗಳ ಮೇಲಿಟ್ಟೆ. ಬಿದ್ದರೆ ಈಜಿದರಾಯಿತು ಎಂದೆ. ಹಾಗೆ ಹೇಳಿದವಳ ಎದೆ ನನ್ನ ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಬಡಿಯುತ್ತಿತ್ತು.

ಅವರು ಕಣ್ಣು ಮುಚ್ಚಿಕೊಂಡರು. ಇರುವ ಅರ್ಧವನ್ನೂ ಮುಚ್ಚಿಕೊಂಡು ಹೊರಟರು. ಮಣ್ಣಿನ ಸದ್ದು ಬಂತು, ಬರುತ್ತಲೇ ಇತ್ತು. ತಿರುಗುವ ಜಾಗ ಬಂತು. ಬೆರಳು ತಿರುಗಿತು. ಆಮೇಲೆ ಟಕ್ ಟಕ್ ಟಕ್ ಎಂದು ಹಲಗೆಯ ಸದ್ದು. ಅಷ್ಟಾದರೂ ಅವರು ಕಣ್ಣು ಬಿಡಲಿಲ್ಲ, ಹಲಗೆ ಮುಗಿದು ಕಲ್ಲಿನ ಸದ್ದು ಬಂದ ಮೇಲೆ ಬಿಟ್ಟರು. ಎದುರಿಗೆ ಗೋಪುರವಿತ್ತು. ಅದರ ಬುಡದಲ್ಲಿ ಶಾಲಾ ಮಾಸ್ತರನ ವೇಷದಲ್ಲಿ ನೀನಿದ್ದೆ. ಆ ವೇಷ ನೋಡಿ ನಾನು ಜೋರಾಗಿ ನಕ್ಕೆ.

ಅಂಬಿಗ ಎಷ್ಟೋ ಹೊತ್ತು ಸುಮ್ಮನೆ ನಿಂತನಲ್ಲ, ನೀನು ಹೆದರಿರಬೇಕು. ಸಿಟ್ಟಿನಿಂದ ಅಲ್ಲ. ಅವರ ಕಣ್ಣು ತುಂಬಿತ್ತು, ಅಕ್ಷರ ಕಾಣುತ್ತಿರಲಿಲ್ಲ. ನಾನು ಸೆರಗಿನಿಂದ ಒರೆಸಿದ ಮೇಲೆ ಬರೆದದ್ದು ನಿನಗೆ ತಲುಪಿತು: "ಲೆಕ್ಕ ತಪ್ಪಿದೆ ಮೇಷ್ಟ್ರೇ." ನೀನು "ತಿದ್ಲಾ ಅಣ್ಣಾ?" ಎಂದು ಕೇಳಿದೆ. "ಮುಟ್ಟಿದ್ರೆ ಕೈ ಮುರೀತೀನಿ" ಎಂದು ಅವರು ಬರೆದಿದ್ದನ್ನು ನೀನು ಓದುವಾಗ ಇಲ್ಲಿ ಅವರ ಗಂಟಲಿನಿಂದ ಒಂದು ಸದ್ದು ಬಂತು. ನಗು. ಎರಡು ವರ್ಷದ ಮೇಲೆ ಕೇಳಿದೆ. ಅದು ನಿನಗೆ ಕೇಳಿಸಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು, ಅದಕ್ಕೇ ಈ ಪತ್ರ.

ಇನ್ನೊಂದು ವಿಷಯ. ಮೊನ್ನೆ ನಾನು ಕೋಟಿಗೆ ತೋಳು ಜೋಡಿಸುತ್ತಿದ್ದಾಗ ಅವರು ನನ್ನ ಕಡೆಗೆ ಕೈ ಚಾಚಿದರು. ನೀರೆಂದುಕೊಂಡು ಲೋಟ ಕೊಟ್ಟೆ. ಬೇಡವೆಂದರು. ಕಿಟಕಿಯೆಂದುಕೊಂಡೆ, ಅದೂ ಅಲ್ಲ. ಕೊನೆಗೆ ನನ್ನ ಫೋನ್ ತೋರಿಸಿದರು, ಮುಖ ತಿರುಗಿಸಿದ ಆ ಫೋನನ್ನೇ. ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರ ಒತ್ತಿ ನನ್ನ ಮುಖದ ಮುಂದೆ ಹಿಡಿದರು. ಅಂಬಿಗನಾಗಿ ಅಲ್ಲ, ಈ ಮನೆಯ ಯಜಮಾನನಾಗಿಯೇ. ಅದು ನಿನಗೆ ಬರೆದದ್ದು. ಒಂದಕ್ಷರ ಬದಲಿಸದೆ ಇಳಿಸುತ್ತಿದ್ದೇನೆ:

"ಮನೆಗೆ ಬಾರೋ. ಓರೆಯಾಗಿ ಬಾ, ಬೇಗ ಮುಟ್ತೀಯ."

ದಾರಿ ಕಾಯುತ್ತಿರುವ,
ನಿನ್ನ ಅತ್ತಿಗೆ